ಛತ್ರಕ್ಕೆ ಕೊನೆಯ ಭೇಟಿ: ಟೇಪು, ಬಕೆಟ್ಟು, ಬೀಗ

ಛತ್ರ ಬುಕ್ ಮಾಡುವಾಗ ಎಲ್ಲರೂ ನೋಡುವುದು ಹಾಲ್ ಎಷ್ಟು ದೊಡ್ಡದು, ಊಟದ ಮನೆ ಚೊಕ್ಕಟವಾಗಿದೆಯೇ, ಬಾಡಿಗೆ ಎಷ್ಟು ಎಂದು. ಮದುವೆಗೆ ಮುಂಚಿನ ಕೊನೆಯ ಭೇಟಿಯಲ್ಲೂ ಅದನ್ನೇ ನೋಡಿಕೊಂಡು ಬಂದರೆ ಹೋಗಿದ್ದು ದಂಡ. ಈ ಸಲ ಗಡಿಯಾರ ಹಿಡಿದು ನೋಡಬೇಕು. ಹಿಂದಿನ ದಿನ ಮಧ್ಯಾಹ್ನ ಬೀಗದ ಕೈ ಸಿಕ್ಕಿದ ಹೊತ್ತಿನಿಂದ ಮಾರನೆಯ ದಿನ ಅದನ್ನು ಒಪ್ಪಿಸುವವರೆಗೆ ಯಾವ ಗಂಟೆಗೆ ಯಾರು ಎಲ್ಲಿರುತ್ತಾರೆ, ಅವರಿಗೆ ಅಲ್ಲಿ ಏನು ಬೇಕು ಅಂತ. ಬೆಂಗಳೂರಿನ ಛತ್ರ, 600 ಜನರ ಲೆಕ್ಕ, ಸಂಜೆ ಆರತಕ್ಷತೆ, ಮಾರನೆಯ ಬೆಳಿಗ್ಗೆ 10.30ರ ಆಸುಪಾಸು ಮುಹೂರ್ತ. ಈ ಅಳತೆಯ ಮದುವೆಗೆ ನಾನು ಇಟ್ಟುಕೊಂಡ ಕ್ರಮ ಇದು.

ಹೋಗುವುದು ಮದುವೆಗೆ ಹತ್ತು ಹನ್ನೆರಡು ದಿನ ಮುಂಚೆ. ಆಗ ಅಡುಗೆಯ ಸಾಮಾನಿನ ಪಟ್ಟಿ ಇನ್ನೂ ಅಂಗಡಿಗೆ ಹೋಗಿರುವುದಿಲ್ಲ, ಹೂವಿನವರ ಅಳತೆ ತಿದ್ದಬಹುದು. ತಿಂಗಳು ಮುಂಚೆ ಹೋದರೆ ಮ್ಯಾನೇಜರು ಒಪ್ಪಿಕೊಂಡದ್ದು ಮದುವೆಯ ಹೊತ್ತಿಗೆ ಮರೆತಿರುತ್ತದೆ. ಇನ್ನೊಬ್ಬರ ಮದುವೆ ಮುಗಿದು ಛತ್ರ ಖಾಲಿಯಾಗುವ ದಿನ, ಮಧ್ಯಾಹ್ನ 2.30ಕ್ಕೆ ಹೋಗುವುದು ನನ್ನ ರೂಢಿ. ಗುಡಿಸಿ ತೊಳೆಯಲು ಎಷ್ಟು ಹೊತ್ತು, ಎಂಜಲೆಲೆ ಎಲ್ಲಿಗೆ ಹೋಗುತ್ತದೆ, ಕೈತೊಳೆಯುವ ಜಾಗದ ಮೋರಿ ಕಟ್ಟಿದೆಯೇ ಎಂಬುದೆಲ್ಲ ಆಗ ಕಣ್ಣಿಗೆ ಬೀಳುತ್ತದೆ. ಸಂಜೆಗೆ ಹಾಲ್ ಖಾಲಿ, ಅಳತೆಗೆ ಅಡ್ಡಿಯಿಲ್ಲ.

ಜೊತೆಗೆ ಅಡುಗೆ ಭಟ್ಟರು, ಅಲಂಕಾರದವರು, ಆ ದಿನ ಉಗ್ರಾಣ ನೋಡಿಕೊಳ್ಳುವವರು, ಬೀಗರ ಕಡೆಯಿಂದ ಒಬ್ಬರು. ಅಷ್ಟೇ ಸಾಕು. ಎಂಟು ಹತ್ತು ಜನ ಹೋದರೆ ಮಾತೆಲ್ಲ ಪರದೆಯ ಬಣ್ಣದ ಸುತ್ತಲೇ ಸುತ್ತುತ್ತದೆ. ಚೀಲದಲ್ಲಿ ಅಳತೆ ಟೇಪು, ಟಾರ್ಚು, ಒಂದು ಫೋನ್ ಚಾರ್ಜರು, ಬಿಳಿ ಅಂಟುಪಟ್ಟಿ, ಮಾರ್ಕರ್ ಪೆನ್ನು, ಛತ್ರದವರು ಕೊಟ್ಟ ರಸೀತಿ ಮತ್ತು ಷರತ್ತಿನ ಹಾಳೆ. 20 ಲೀಟರ್ ಬಕೆಟ್ಟು ಅಲ್ಲೇ ಸಿಗುತ್ತದೆ.

ಮೊದಲು ದಿಕ್ಕು. ವಧೂವರರು ಪೂರ್ವಾಭಿಮುಖವಾಗಿ ಕೂರಬೇಕು ಎನ್ನುವುದು ಬಹುಪಾಲು ಪುರೋಹಿತರ ಮಾತು. ಛತ್ರದ ವೇದಿಕೆ ಪೂರ್ವದ ಗೋಡೆಗೆ ಒತ್ತಿಕೊಂಡಿದ್ದರೆ, ಪೂರ್ವಕ್ಕೆ ಮುಖ ಮಾಡಿದ ಜೋಡಿ ಬಂದವರಿಗೆಲ್ಲ ಬೆನ್ನು ತೋರಿಸಿ ಕೂರುತ್ತದೆ. ಇದು ಗೊತ್ತಾಗುವುದು ಹಸೆಮಣೆ ಹಾಕುವಾಗ. ಅಷ್ಟರಲ್ಲಿ ಹೂವಿನ ಮಂಟಪ ನಿಂತಾಗಿರುತ್ತದೆ. ಫೋನಿನ ದಿಕ್ಸೂಚಿಯನ್ನು ವೇದಿಕೆಯ ನಡುವೆ ಹಿಡಿದು ನೋಡಿ. ಕಬ್ಬಿಣದ ಕಂಬ, ಸ್ಪೀಕರ್ ಹತ್ತಿರ ಮುಳ್ಳು ತಪ್ಪುತ್ತದೆ, ಆದ್ದರಿಂದ ಹೊರಗೆ ಬಂದು ಇಳಿಬಿಸಿಲಿಗೂ ತಾಳೆ ಹಾಕಿ. ವೇದಿಕೆಯ ಉದ್ದ, ಅಗಲ, ಮೇಲ್ಛಾವಣಿಯ ಎತ್ತರ, ದಿಕ್ಕು, ನಾಲ್ಕೂ ಬರೆದ ಒಂದು ನಕ್ಷೆಯನ್ನು ಅಲ್ಲಿಂದಲೇ ಪುರೋಹಿತರಿಗೆ ಕಳಿಸಿದರೆ ಹೋಮಕುಂಡ ಎಲ್ಲಿ, ಮಣೆ ಎಲ್ಲಿ, ಹೆಣ್ಣಿನ ತಂದೆತಾಯಿ ಎಲ್ಲಿ ಎಂದು ಗುರುತು ಹಾಕಿ ಕೊಡುತ್ತಾರೆ. ಕ್ಯಾಮೆರಾದವರಿಗೂ ಅದೇ ನಕ್ಷೆ.

ಹೋಮದ ಜಾಗದಲ್ಲಿ ನಿಂತು ತಲೆ ಎತ್ತಿ ನೋಡಬೇಕು. ಮೇಲೆ ಫ್ಯಾನ್ ಇದೆಯೇ? ಇದ್ದರೆ ಅದರ ಸ್ವಿಚ್ ಯಾವುದು? ಛತ್ರದ ಸ್ವಿಚ್ ಬೋರ್ಡುಗಳಲ್ಲಿ ಒಂದೊಂದು ಸಾಲಿಗೆ ಹತ್ತು ಹನ್ನೆರಡು ಗುಂಡಿ, ಯಾವುದಕ್ಕೂ ಹೆಸರಿಲ್ಲ. ಧಾರೆಯ ಹೊತ್ತಿಗೆ ದೀಪ ಆರುತ್ತಿದೆ ಅಂತ ಯಾರೋ ಓಡಿಹೋಗಿ ಒಂದೊಂದೇ ಒತ್ತುತ್ತಾ ಹೋದರೆ ಮೈಕೂ ಸತ್ತೀತು. ಒಬ್ಬರು ಬೋರ್ಡಿನ ಬಳಿ, ಒಬ್ಬರು ವೇದಿಕೆಯ ಮೇಲೆ ನಿಂತು ಒಂದೊಂದಾಗಿ ಹಾಕಿ ತೆಗೆದು, ‘ವೇದಿಕೆ ಫ್ಯಾನ್’, ‘ಮೈಕ್’ ಎಂದು ಅಂಟುಪಟ್ಟಿ ಹಚ್ಚುವುದು ಐದು ನಿಮಿಷದ ಕೆಲಸ. ಆರತಕ್ಷತೆಗೆ ಹಾಸಿದ ಸಿಂಥೆಟಿಕ್ ಕಾರ್ಪೆಟ್ಟಿನ ಮೇಲೆ ಹೋಮಕುಂಡ ಇಡುವಂತಿಲ್ಲ, ಒಂದು ಕಿಡಿ ಬಿದ್ದರೆ ಕರಗುತ್ತದೆ. ಅಲ್ಲಿ ಕಾರ್ಪೆಟ್ ಸುತ್ತಿ, ಕೆಳಗೆ ಇಟ್ಟಿಗೆ, ಅದರ ಮೇಲೆ ಮರಳು ತುಂಬಿದ ತಟ್ಟೆ. ಇಟ್ಟಿಗೆ, ಮರಳು ಛತ್ರದಲ್ಲಿ ಇವೆಯೇ, ಹೂವಿನವರು ತರುತ್ತಾರೆಯೇ ಅಂತ ಅಲ್ಲೇ ತೀರ್ಮಾನವಾಗಲಿ. ಅಕ್ಷತೆಯ ಅರಿಶಿನದ ಕಲೆ, ಜೀರಿಗೆ ಬೆಲ್ಲದ ಅಂಟು ನೆಪವಾಗಿ ಠೇವಣಿಯಲ್ಲಿ ಹಣ ಮುರಿದುಕೊಳ್ಳುವುದೂ ಈ ಕಾರ್ಪೆಟ್ಟಿನಿಂದಲೇ.

ಆರತಕ್ಷತೆಯ ಸೋಫಾ ತೆಗೆದು ಮಂಟಪ ಕಟ್ಟುವ ಕೆಲಸ ನಡೆಯುವುದು ರಾತ್ರಿ 11ರಿಂದ ಬೆಳಗಿನ ಜಾವದವರೆಗೆ. ಆ ಹೊತ್ತಿನಲ್ಲಿ ಗೇಟು ತೆರೆಯುವವರು ಯಾರು, ಹೂವಿನ ಟೆಂಪೋ ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಗೆ ‘ಆಗತ್ತೆ ಸಾರ್, ನೋಡ್ಕೊಳೋಣ’ ಎಂಬ ಉತ್ತರ ಬಂದರೆ ವಾಚ್‌ಮನ್ ಹೆಸರೂ ನಂಬರೂ ಬರೆದುಕೊಳ್ಳುವುದು ಒಳ್ಳೆಯದು. ಮೊಳೆ ಹೊಡೆಯಲು ಎಲ್ಲೂ ಬಿಡುವುದಿಲ್ಲ, ಕೊಕ್ಕೆಗಳು ಎಲ್ಲೆಲ್ಲಿವೆ ಎಂದು ಅಲಂಕಾರದವರೇ ನೋಡಿಕೊಳ್ಳಲಿ. ಬಾಳೆಕಂಬ ಕಟ್ಟುವ ಜಾಗವನ್ನೂ ಅವರಿಗೇ ಬಿಡಬಹುದು.

ಇನ್ನು ಅಡುಗೆಮನೆ. ಬುಕಿಂಗ್ ಹಾಳೆಯಲ್ಲಿ ಛತ್ರ ಸಿಗುವುದು ಮಧ್ಯಾಹ್ನ 3ಕ್ಕೆ ಎಂದಿದ್ದರೆ, ರಾತ್ರಿ 7.30ಕ್ಕೆ ಎಲೆ ಹಾಕಬೇಕಾದ ಭಟ್ಟರಿಗೆ ಸಿಗುವುದು ನಾಲ್ಕೂವರೆ ಗಂಟೆ. ಅದರಲ್ಲೇ ಸಾಮಾನು ಇಳಿಸಿ, ಒಲೆ ಜೋಡಿಸಿ, ಆರತಕ್ಷತೆಯ 500 ಜನರ ಅಡುಗೆ ಆಗುವುದು ಕಷ್ಟ. ಅಡುಗೆಮನೆ ಮತ್ತು ಉಗ್ರಾಣ ಮಾತ್ರ ಬೆಳಿಗ್ಗೆ 11ಕ್ಕೇ ಬಿಟ್ಟುಕೊಡಲು ಕೇಳಬೇಕು. ಹಿಂದಿನ ಮದುವೆಯ ಅಡುಗೆ ಆಗಿನ್ನೂ ನಡೆಯುತ್ತಿದ್ದರೆ ತರಕಾರಿ ಹೆಚ್ಚಲು ಹಿತ್ತಲಿನ ಜಾಗವಾದರೂ ಸಿಗುತ್ತದೆಯೇ ನೋಡಬೇಕು. ರುಬ್ಬುವ ಗ್ರೈಂಡರಿನ ಪ್ಲಗ್ಗಿಗೆ ಅಲ್ಲಿನ ಸಾಕೆಟ್ ಹೊಂದುತ್ತದೆಯೇ ಎಂಬುದು ಭಟ್ಟರು ಮಾತ್ರ ಹೇಳಬಲ್ಲರು, ಅವರನ್ನು ಕರೆದೊಯ್ಯುವುದೇ ಅದಕ್ಕೆ. 19 ಕೆಜಿ ಸಿಲಿಂಡರ್‌ಗಳು ಹೊರಗಿನ ಗೂಡಿನಲ್ಲಿವೆಯೇ, ಪೈಪಿನ ಲೈನೇ, ಬಿಲ್ಲು ಸಿಲಿಂಡರಿಗೋ ತೂಕಕ್ಕೋ, ಕೇಳಿ ಬರೆದುಕೊಳ್ಳಿ. ನೀರು ಬೋರ್‌ವೆಲ್ಲಿನದಾಗಿ ಗಡಸಾಗಿದ್ದರೆ ತೊಗರಿಬೇಳೆ ಸರಿಯಾಗಿ ಬೇಯುವುದಿಲ್ಲ. ಅಡುಗೆಗೆ ಬೇರೆ ನೀರು ತರಿಸಬೇಕಾಗುತ್ತದೆ, ಅದಕ್ಕೆ ಬೇರೆ ಡ್ರಮ್ಮು ಬೇಕಾಗುತ್ತದೆ.

ಪಾತ್ರೆಗಳನ್ನು ಎಣಿಸುವುದು ಬೇಜಾರಿನ ಕೆಲಸ, ಬಿಡುವಂತಿಲ್ಲ. ಪಟ್ಟಿಯಲ್ಲಿ ಹನ್ನೆರಡು ಕೊಳಗ ಇದ್ದು ಕಣ್ಣಿಗೆ ಒಂಬತ್ತು ಕಂಡರೆ ಉಳಿದ ಮೂರು ಮದುವೆಯ ದಿನ ನಮ್ಮ ಲೆಕ್ಕಕ್ಕೆ ಬರುತ್ತವೆ. ಭಟ್ಟರು ಹತ್ತು ಜನಕ್ಕೆ ಒಂದು ಕೆಜಿ ಅಕ್ಕಿ ಎನ್ನುವ ಲೆಕ್ಕದವರಾದರೆ 600 ಜನಕ್ಕೆ 60 ಕೆಜಿ ಅಕ್ಕಿಯ ಅನ್ನ ಇಡಬೇಕು, ಅದು ಹಿಡಿಸುವ ಪಾತ್ರೆ ಇದೆಯೋ ಇಲ್ಲವೋ ಎಂಬುದು ಅವರಿಗೆ ನೋಡಿದ ಕೂಡಲೇ ತಿಳಿಯುತ್ತದೆ.

ಊಟದ ಮನೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತೇನೆ. ಒಂದು ಪಂಕ್ತಿಗೆ 200 ಎಲೆ ಅಂತಿಟ್ಟುಕೊಳ್ಳಿ. ಬಡಿಸಿ, ಉಂಡು ಏಳಲು 35 ನಿಮಿಷ. ಎಲೆ ಎತ್ತಿ, ಒರೆಸಿ, ಮತ್ತೆ ಹಾಕಲು 10. ಮೊದಲ ಪಂಕ್ತಿ 11.45ಕ್ಕೆ ಕೂತರೆ ಮೂರನೆಯದು ಮುಗಿದು ಎಲೆ ಎತ್ತಿ ಒರೆಸುವಾಗ 2 ಗಂಟೆ. ಆಮೇಲೆ ಭೂಮದೂಟ (ವಧೂವರರೂ ಬೀಗರೂ ಒಟ್ಟಿಗೆ ಕೂರುವ ಊಟ), ಬಡಿಸಿದವರ ಊಟ. ಇಷ್ಟು ಕಾಗದದ ಮೇಲೆ ಸರಿ. ಇದನ್ನು ಕೆಡಿಸುವುದು ಕೈತೊಳೆಯುವ ನಲ್ಲಿಗಳು. ಎಂಟು ನಲ್ಲಿ ಓಡುತ್ತಿದ್ದರೆ ನಲ್ಲಿಗೆ 25 ಜನ, ಒಬ್ಬರಿಗೆ 15 ಸೆಕೆಂಡು, ಆರು ನಿಮಿಷಕ್ಕೆ ಜಾಗ ಖಾಲಿ. ಐದೇ ಓಡುತ್ತಿದ್ದರೆ ಹತ್ತು ನಿಮಿಷ. ಆಗ ಎದ್ದವರ ಸಾಲು ಬಾಗಿಲಿಗೆ ಅಡ್ಡವಾಗಿ, ಒಳಬರುವವರು ಹೊರಗೇ ನಿಲ್ಲುತ್ತಾರೆ. ಪ್ರತಿ ನಲ್ಲಿಯನ್ನೂ ಪೂರ್ತಿ ತಿರುಗಿಸಿ ನೋಡಿ, ಎಲ್ಲವನ್ನೂ ಒಟ್ಟಿಗೆ ಬಿಟ್ಟು ಕೊನೆಯ ನಲ್ಲಿಯಲ್ಲಿ ನೀರು ಸಣ್ಣಗಾಗುತ್ತದೆಯೇ ನೋಡಿ, ಮೋರಿ ಹಿಡಿಯುತ್ತದೆಯೇ ನೋಡಿ. ಒಳಬರುವ ಬಾಗಿಲೂ ಕೈತೊಳೆಯಲು ಹೋಗುವ ಬಾಗಿಲೂ ಒಂದೇ ಆದರೆ ಅಲ್ಲೊಬ್ಬ ಗಟ್ಟಿ ಗಂಟಲಿನ ಹುಡುಗನನ್ನು ನಿಲ್ಲಿಸಲೇಬೇಕು. ಉಣ್ಣುತ್ತಿರುವವರ ಕುರ್ಚಿ ಹಿಡಿದು ಹಿಂದೆ ಕಾಯುವ ನಮ್ಮ ಜನರ ಅಭ್ಯಾಸವನ್ನು ಯಾವ ಹುಡುಗನೂ ನಿಲ್ಲಿಸಲಾರ, ಅದು ಬೇರೆ. ಸಾಲುಗಳ ನಡುವೆ ಬಡಿಸುವವರಿಗೆ ಮೂರು ಅಡಿ ಬೇಕು. ಅದಕ್ಕಿಂತ ಕಿರಿದಾದರೆ ಸಾರಿನ ಬಕೆಟ್ಟು ಹಿಡಿದವರೂ ಪಲ್ಯದವರೂ ಎದುರಾದಾಗ ಒಬ್ಬರು ಹಿಂದಕ್ಕೆ ನಡೆಯಬೇಕಾಗುತ್ತದೆ. ಕೊನೆಯ ಒಂದು ಸಾಲು ತೆಗೆಸಿಬಿಡಿ, ಪಂಕ್ತಿಗೆ ಇಪ್ಪತ್ತು ಎಲೆ ಕಡಿಮೆಯಾದರೂ ಬಡಿಸುವುದು ಬೇಗ ಆಗುತ್ತದೆ.

ಊಟದ ಮನೆ ನೆಲಮಾಳಿಗೆಯಲ್ಲಿ, ಹಾಲ್ ಮೊದಲ ಮಹಡಿಯಲ್ಲಿ ಇರುವ ಛತ್ರಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಲಿಫ್ಟಿನೊಳಗೆ ‘8 ಜನ, 544 ಕೆಜಿ’ ಎಂದು ಬರೆದಿದ್ದರೆ ಮೆಟ್ಟಿಲಿಳಿಯಲಾಗದ 50 ಹಿರಿಯರಿಗೆ ಏಳು ಸುತ್ತು, ಹೋಗಿಬರಲು ಎರಡೆರಡು ನಿಮಿಷವಾದರೂ ಕಾಲುಗಂಟೆ. ಅವರನ್ನು ಮೊದಲ ಪಂಕ್ತಿಗೆ 15 ನಿಮಿಷ ಮುಂಚೆಯೇ ಇಳಿಸುವ ಹೊಣೆ ಒಬ್ಬರಿಗೆ ಕೊಡಬೇಕು. ಕರೆಂಟು ಹೋದರೆ ಲಿಫ್ಟು ಜನರೇಟರಿನ ಮೇಲೆ ಓಡುತ್ತದೆಯೇ? ಬಾಯಿಮಾತು ಬೇಡ, ಮೇನ್ ಸ್ವಿಚ್ ಒಮ್ಮೆ ತೆಗೆಸಿ. ಜನರೇಟರ್ ತಾನಾಗಿ ಎದ್ದಿತೋ, ಯಾರಾದರೂ ಹೋಗಿ ಚಾಲೂ ಮಾಡಬೇಕಾಯಿತೋ, ಯಾವ ದೀಪ ಬಂತು, ಯಾವುದು ಬರಲಿಲ್ಲ, ಎಲ್ಲ ಐದೇ ನಿಮಿಷದಲ್ಲಿ ತಿಳಿಯುತ್ತದೆ. ಡೀಸೆಲ್ ಗಂಟೆಯ ಲೆಕ್ಕವೋ ಲೀಟರಿನ ಲೆಕ್ಕವೋ ಎಂಬುದನ್ನೂ ಆಗಲೇ ಕೇಳಿಬಿಡಿ.

ಗೀಸರುಗಳು ಬಹಳ ಕಡೆ ಜನರೇಟರಿಗೆ ಸೇರಿರುವುದಿಲ್ಲ, ಕಾರಣವೂ ಇದೆ. ತಲಾ 2 ಕಿಲೋವ್ಯಾಟಿನ 20 ಗೀಸರ್ ಎಂದರೆ 40 ಕಿಲೋವ್ಯಾಟ್, 62.5 ಕೆವಿಎ (ಜನರೇಟರಿನ ಸಾಮರ್ಥ್ಯದ ಅಳತೆ) ಜನರೇಟರ್ ಕೊಡುವುದೇ ಸುಮಾರು 50 ಕಿಲೋವ್ಯಾಟ್. ಇನ್ನೊಂದು ಲೆಕ್ಕ: 25 ಲೀಟರಿನ ಗೀಸರು ಕಾಯಲು ಅರ್ಧ ಗಂಟೆ ಹಿಡಿಯುತ್ತದೆ, ಬೆರಕೆ ಮಾಡಿಕೊಂಡರೆ ಒಂದು ಸಲಕ್ಕೆ ಮೂರು ಬಕೆಟ್ಟಿನ ಹತ್ತಿರ ಸ್ನಾನದ ನೀರು. ಕೋಣೆಯಲ್ಲಿ ಆರು ಜನ ಮಲಗಿದ್ದರೆ, ಒಬ್ಬರಿಗೆ ಒಂದೇ ಬಕೆಟ್ಟು ಎಂದರೂ ಎರಡು ಸಲ ಕಾಯಬೇಕು. ಹಾಗಾಗಿ ಕಾಶೀಯಾತ್ರೆ 8ಕ್ಕೆ ಅಂದರೆ ಗೀಸರ್ ಹಾಕುವುದು 4.30ಕ್ಕೆ. ಮೇಲಿನ ಮಹಡಿಯ ಕೊನೆಯ ಬಚ್ಚಲಿನಲ್ಲಿ ಬಕೆಟ್ಟಿಟ್ಟು, ತುಂಬಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡುವುದು ಅದಕ್ಕೇ. ಎರಡು ನಿಮಿಷ ಮೀರಿದರೆ ಆ ಕೋಣೆ ವರನ ಕಡೆಯವರಿಗೆ ಬೇಡ.

ವಧುವಿನ ಕೋಣೆಯಲ್ಲಿ ಕನ್ನಡಿಯ ಎದುರು ದೀಪ, ಚಾರ್ಜರ್ ಚುಚ್ಚಿ ಪ್ರತಿ ಸಾಕೆಟ್ಟಿನ ಪರೀಕ್ಷೆ, ಇಸ್ತ್ರಿಪೆಟ್ಟಿಗೆಗೆ ದೊಡ್ಡ ಸಾಕೆಟ್ಟು, ಒಳಗಿನ ಚಿಲಕ. ಬೀರುವಿಗೂ ಬಾಗಿಲಿಗೂ ನಮ್ಮದೇ ಬೀಗ. ಕೊಂಡಿಯ ತೂತಿಗೆ ಹಿಡಿಯುವ ದಪ್ಪ ನೋಡಿಕೊಂಡು ಎರಡು ಕೊಂಡುಬಿಡಿ. ಛತ್ರದ ಬೀಗದ ಕೈ ಎಷ್ಟು ಜನರ ಹತ್ತಿರ ಇದೆಯೋ ಯಾರಿಗೆ ಗೊತ್ತು.

ತೆರೆದ ಜಾಗದಲ್ಲಿ ಧ್ವನಿವರ್ಧಕ ರಾತ್ರಿ 10ಕ್ಕೆ ನಿಲ್ಲಬೇಕು, 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಅದು. ಆರತಕ್ಷತೆಯ ವಾದ್ಯಗೋಷ್ಠಿಯವರಿಗೆ 9.45 ಎಂದೇ ಹೇಳಿಟ್ಟರೆ ಕೊನೆಯ ಹಾಡಿಗೆ ಜಗಳವಿಲ್ಲ. ಪಾರ್ಕಿಂಗಿನಲ್ಲಿ ನೋಡಬೇಕಾದ್ದು ಇಳಿಜಾರಿನ ಬಾಗಿಲ ಎತ್ತರ ಒಂದೇ. ಬೀಗರು ಬರುವ ಟೆಂಪೋ ಟ್ರಾವೆಲರ್ ಅಲ್ಲಿ ಹೋಗುವುದಿಲ್ಲ ಎಂದಾದರೆ ಅದು ಎಲ್ಲಿ ನಿಲ್ಲಬೇಕು ಎಂಬುದನ್ನು ಡ್ರೈವರಿಗೆ ಮುಂಚೆಯೇ ತಿಳಿಸಿ.

ಕೊನೆಗೆ ಮ್ಯಾನೇಜರ ಮೇಜಿನ ಮುಂದೆ ಷರತ್ತಿನ ಹಾಳೆ ಬಿಚ್ಚಿಕೊಂಡು ಕೂರಬೇಕು. ಬಾಡಿಗೆಯ ಮೇಲಿನ ಜಿಎಸ್‌ಟಿ, ಕರೆಂಟಿನ ಯೂನಿಟ್ ದರ, ಗುಡಿಸುವ ಖರ್ಚು, ಕಸ ಸಾಗಿಸುವ ಖರ್ಚು, ಹೊರಗಿನ ಅಡುಗೆಯವರಿಗೂ ಹೂವಿನವರಿಗೂ ಕಟ್ಟಬೇಕಾದ ಶುಲ್ಕ, ಹೆಚ್ಚುವರಿ ಗಂಟೆಗೆ ಎಷ್ಟು ಎಂಬುದೆಲ್ಲ ಅಂಕಿಯಲ್ಲಿ ಬರಬೇಕು. ಆ ದಿನ ಒಪ್ಪಿಕೊಂಡ ಹೊಸ ಮಾತುಗಳನ್ನು (ಅಡುಗೆಮನೆ 11ಕ್ಕೆ, ಕೆಟ್ಟ ಮೂರು ನಲ್ಲಿ ರಿಪೇರಿ, ರಾತ್ರಿ ಗೇಟು) ಅದೇ ಹಾಳೆಯ ಹಿಂದೆ ಬರೆದು ಸಹಿ ಹಾಕಿಸಿ, ಫೋಟೋ ತೆಗೆದು ಇಬ್ಬರ ವಾಟ್ಸಾಪಿಗೂ ಕಳಿಸುತ್ತೇನೆ. ಮೂರು ದಿನ ಮುಂಚೆ ಒಂದು ಫೋನು, ನಲ್ಲಿ ರಿಪೇರಿಯಾಯಿತೇ ಎಂದು ಮಾತ್ರ. ಹೊರಡುವ ಮುಂಚೆ ಕರೆಂಟ್ ಮೀಟರ್ ಎಲ್ಲಿದೆ ಎಂದು ಕೇಳಿ ಹೋಗಿ ನೋಡಬೇಕು. ಬೀಗದ ಕೈ ಪಡೆದ ನಿಮಿಷಕ್ಕೆ ಒಂದು, ಒಪ್ಪಿಸುವ ನಿಮಿಷಕ್ಕೆ ಒಂದು, ಎರಡು ಸಲ ಅದರ ಫೋಟೋ ತೆಗೆಯುವ ಕೆಲಸ ಉಗ್ರಾಣದವರದು. ಮೀಟರು ಮೆಟ್ಟಿಲ ಕೆಳಗಿನ ಕತ್ತಲಲ್ಲಿರುತ್ತದೆ, ಟಾರ್ಚು ಅವರ ಬಳಿಯೇ ಇರಲಿ.