ಫಿಯೋರ್ಡ್‌ಗಳ ತಣ್ಣೀರ ಹವಳ: ಸಂರಕ್ಷಣೆಗಾಗಿ ತಳಿ ಅಧ್ಯಯನ ನಡೆಸುವ ಕ್ರಮ

ನಾರ್ವೆ ಮತ್ತು ಸ್ವೀಡನ್ನಿನ ಫಿಯೋರ್ಡ್‌ಗಳ, ಅಂದರೆ ನೆಲದೊಳಕ್ಕೆ ಚಾಚಿದ ಕಿರಿದಾದ ಕಡಲ ಕವಲುಗಳ, ಕತ್ತಲ ತಳದಲ್ಲಿ ದಿಬ್ಬಗಳನ್ನು ಕಟ್ಟುವ ಮುಖ್ಯ ಹವಳ ಲೊಫೀಲಿಯಾ. ಈಗ ಅದರ ವೈಜ್ಞಾನಿಕ ಹೆಸರು ಡೆಸ್ಮೊಫಿಲಮ್ ಪರ್ಟೂಸಮ್. ಟ್ರಾಂಡ್‌ಹೈಮ್ ಫಿಯೋರ್ಡಿನ ಟೌಟ್ರಾ ದಿಣ್ಣೆಯ ಮೇಲೆ ಇದು ಕೇವಲ 39 ಮೀಟರ್ ಆಳದಲ್ಲೇ ಸಿಗುತ್ತದೆ. ಈ ಹವಳವನ್ನು ಕಾಯಲು ಹೊರಟವರು ಮೊದಲು ಎರಡು ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಬೇಕು: ಕಣ್ಣಿಗೆ ಕಾಣುವ ಹವಳದ ಪೊದೆಗಳಲ್ಲಿ ತಳಿದೃಷ್ಟಿಯಿಂದ ಬೇರೆ ಬೇರೆಯಾದ ಜೀವಿಗಳೆಷ್ಟು, ಮತ್ತು ಫಿಯೋರ್ಡಿನ ಬಾಯಲ್ಲಿರುವ ನೀರಿನಡಿಯ ದಿಣ್ಣೆಯನ್ನು ದಾಟಿ ಹೊರಗಿನ ಲಾರ್ವಾಗಳು (ನೀರಿನಲ್ಲಿ ತೇಲುವ ಹವಳದ ಮರಿಗಳು) ಒಳಗೆ ಬಂದು ನೆಲೆಯೂರುತ್ತಿವೆಯೇ. ಮಾದರಿ ಸಂಗ್ರಹದಿಂದ ಲೆಕ್ಕಾಚಾರದವರೆಗೆ ಎಲ್ಲವೂ ಈ ಪ್ರಶ್ನೆಗಳಿಗೆ ತಕ್ಕಂತೆ ನಡೆಯಬೇಕು.

ಕಲ್ಲುಹವಳಗಳು, ಅಳಿವಿನ ಭೀತಿಯಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿರುವುದರಿಂದ, ಮಾದರಿಗಳು ಗಡಿ ದಾಟುವುದಾದರೆ ಸ್ಥಳೀಯ ಅನುಮತಿಯ ಜೊತೆಗೆ ಅದರ ಕಾಗದಪತ್ರಗಳೂ ಬೇಕು. ಸಂಗ್ರಹಕ್ಕೆ ಹಡಗಿನಿಂದ ನಡೆಸುವ ಮಾನವರಹಿತ ಜಲಯಂತ್ರವನ್ನೇ ಬಳಸಿ, ಪ್ರತಿ ಪೊದೆಯಿಂದ ಕೆಲವೇ ಪಾಲಿಪ್‌ಗಳಿರುವ (ಹವಳವನ್ನು ಕಟ್ಟುವ ಪುಟ್ಟ ಜೀವಿಗಳು) ತುದಿಯನ್ನು ಮಾತ್ರ ಮುರಿಯಬೇಕು. ತಳವನ್ನು ಕೆರೆದು ಮೇಲೆತ್ತುವ ಬಲೆಗಳನ್ನು ಈ ಕೆಲಸಕ್ಕೆ ಬಳಸುವುದನ್ನು ನಾನು ಒಪ್ಪಲಾರೆ. ನಾರ್ವೆ 1999ರಿಂದ ಹವಳವಿರುವ ಕಡೆಗಳಲ್ಲಿ ಟ್ರಾಲಿಂಗ್ (ತಳವನ್ನು ಕೆರೆಯುತ್ತ ಬಲೆ ಎಳೆಯುವ ಮೀನುಗಾರಿಕೆ) ನಿಷೇಧಿಸುತ್ತ ಬಂದಿರುವುದೇ ಇಂಥ ದಿಬ್ಬಗಳ ರಕ್ಷಣೆಗಾಗಿ. ಪ್ರತಿ ತುಣುಕಿನ ನಿಖರ ಸ್ಥಾನ ಮತ್ತು ಆಳವನ್ನು ದಾಖಲಿಸಿ, ಕೂಡಲೇ 95 ಶೇಕಡಾ ಎಥನಾಲಿನಲ್ಲಿ ಮುಳುಗಿಸಿ ತಂಪಿನಲ್ಲಿಡಿ. ಮರುದಿನ ಎಥನಾಲನ್ನು ಬದಲಿಸಿದರೆ ಅಂಗಾಂಶದ ನೀರಿನಿಂದ ಅದು ತೆಳುವಾಗಿ ಉಳಿಯುವುದಿಲ್ಲ.

ಬೆಳಕಿಲ್ಲದ ಆಳದಲ್ಲಿ ಬಾಳುವ ಲೊಫೀಲಿಯಾದೊಳಗೆ ಸಹಜೀವಿ ಪಾಚಿಗಳಿಲ್ಲದ ಕಾರಣ, ಉಷ್ಣವಲಯದ ಹವಳಗಳಲ್ಲಿರುವಂತೆ ಪಾಚಿಯ ಡಿಎನ್‌ಎ ಬೆರೆಯುವ ತೊಡಕು ಇಲ್ಲ. ಆದರೆ ಲೋಳೆಯು ಮುಂದಿನ ರಾಸಾಯನಿಕ ಕ್ರಿಯೆಗಳಿಗೆ ಅಡ್ಡಿಯಾಗುತ್ತದೆ. ಆದ್ದರಿಂದ ಡಿಎನ್‌ಎಯನ್ನು ಚೆನ್ನಾಗಿ ಶುದ್ಧೀಕರಿಸಿ. ಮೈಟೊಕಾಂಡ್ರಿಯದ ಡಿಎನ್‌ಎ ಈ ಹವಳಗಳಲ್ಲಿ ಬಹಳ ನಿಧಾನವಾಗಿ ಬದಲಾಗುವುದರಿಂದ, ಒಂದೇ ಪ್ರಭೇದದ ಅಕ್ಕಪಕ್ಕದ ದಿಬ್ಬಗಳ ನಡುವಿನ ವ್ಯತ್ಯಾಸವನ್ನು ಅದು ತೋರಿಸದು. ಮೈಕ್ರೋಸ್ಯಾಟಲೈಟ್‌ಗಳನ್ನು (ಡಿಎನ್‌ಎಯಲ್ಲಿ ಮತ್ತೆ ಮತ್ತೆ ಬರುವ ಚಿಕ್ಕ ತುಣುಕುಗಳು), ಹಣವಿದ್ದರೆ ಜೀನೋಮಿನ ಉದ್ದಕ್ಕೂ ಹರಡಿರುವ ಸಾವಿರಾರು ಎಸ್‌ಎನ್‌ಪಿ (ಡಿಎನ್‌ಎಯ ಒಂದೇ ಅಕ್ಷರದ ವ್ಯತ್ಯಾಸ) ಗುರುತುಗಳನ್ನು ಆರಿಸಿಕೊಳ್ಳಿ.

ಲೆಕ್ಕಾಚಾರದಲ್ಲಿ ತದ್ರೂಪಿಗಳನ್ನು ಬೇರ್ಪಡಿಸುವುದೇ ಮೊದಲ ಕೆಲಸ, ಹೆಚ್ಚು ತಾಳ್ಮೆ ಬೇಡುವ ಕೆಲಸವೂ ಹೌದು. ಮುರಿದು ಬಿದ್ದ ಕೊಂಬೆ ಮತ್ತೆ ಬೆಳೆದು ಹೊಸ ಪೊದೆಯಾಗುವುದರಿಂದ, ಒಂದೇ ಬಾಳೆಗಡ್ಡೆಯಿಂದ ಎದ್ದ ಕಂದುಗಳಂತೆ, ವಿಶಾಲವಾಗಿ ಹರಡಿದ ದಿಬ್ಬವೊಂದರಲ್ಲಿ ಕೆಲವೇ ತಳಿಗಳಿರಬಹುದು. ಬೇರೆ ಬೇರೆ ತಳಿಗಳ ಸಂಖ್ಯೆಯಿಂದ ಒಂದನ್ನು ಕಳೆದು, ಅದನ್ನು ಒಂದು ಕಳೆದ ಮಾದರಿಗಳ ಸಂಖ್ಯೆಯಿಂದ ಭಾಗಿಸಿ: ಉತ್ತರ ಸೊನ್ನೆಯಾದರೆ ಎಲ್ಲವೂ ಒಂದೇ ತಳಿ, ಒಂದಾದರೆ ಪ್ರತಿಯೊಂದೂ ಬೇರೆ. ಲೊಫೀಲಿಯಾದಲ್ಲಿ ಗಂಡು ಹೆಣ್ಣು ಪೊದೆಗಳು ಪ್ರತ್ಯೇಕವಾಗಿರುವುದರಿಂದ, ಒಂದೇ ತಳಿ ಉಳಿದ ದಿಬ್ಬಕ್ಕೆ ಒಳಗಿನಿಂದಲೇ ಲಾರ್ವಾ ಹುಟ್ಟುವ ದಾರಿಯಿಲ್ಲ. ಈ ಸಂಖ್ಯೆಯನ್ನು ಇಷ್ಟು ಒತ್ತಿ ಹೇಳುವುದು ಅದಕ್ಕಾಗಿಯೇ.

ನಂತರ ತಳಿಗೊಂದರಂತೆ ಮಾದರಿ ಉಳಿಸಿಕೊಂಡು, ದಿಬ್ಬಗಳ ನಡುವಿನ ಭಿನ್ನತೆಯನ್ನು ಎಫ್‌ಎಸ್‌ಟಿ ಮೌಲ್ಯದಿಂದ (ಗುಂಪುಗಳು ತಳಿಯಲ್ಲಿ ಎಷ್ಟು ಬೇರೆಯೆಂದು ತೋರಿಸುವ ಸಂಖ್ಯೆ) ಅಳೆಯಿರಿ. ದೂರವನ್ನು ನಕ್ಷೆಯ ಮೇಲಿನ ನೇರಗೆರೆಯಿಂದಲ್ಲದೆ ನೀರು ಹರಿಯುವ ದಾರಿಯಿಂದ ಲೆಕ್ಕಹಾಕಬೇಕು. ಭಿನ್ನತೆ ಕಡಿಮೆ ಬಂದ ಮಾತ್ರಕ್ಕೆ ಲಾರ್ವಾಗಳು ಇಂದಿಗೂ ಬರುತ್ತಿವೆ ಎಂದು ತೀರ್ಮಾನಿಸಬೇಡಿ: ದೀರ್ಘಾಯುಷಿಯಾದ ಈ ಹವಳಗಳಲ್ಲಿ ಎಂದೋ ನಿಂತುಹೋದ ಸಂಪರ್ಕದ ಗುರುತು ಬಹುಕಾಲ ಉಳಿದಿರುತ್ತದೆ. ಫಲಿತಾಂಶವನ್ನು ಕಡಲ ನೀರಿನ ಹರಿವಿನ ಗಣಕ ಮಾದರಿಯೊಂದಿಗೆ ಹೋಲಿಸಿ ನೋಡುವುದು ಇದೇ ಕಾರಣಕ್ಕೆ ಅಗತ್ಯ.

ಸ್ವೀಡನ್ನಿನಲ್ಲಿ ಜೀವಂತವಾಗಿ ಉಳಿದಿರುವ ಏಕೈಕ ಲೊಫೀಲಿಯಾ ದಿಬ್ಬವಾದ, ಕೋಸ್ಟರ್ ಫಿಯೋರ್ಡಿನ ಸೆಕೆನ್‌ನಲ್ಲಿ ತಳಿವೈವಿಧ್ಯ ಕಡಿಮೆಯೆಂದು ಕಂಡುಬಂದಿದೆ. ಇಂಥ ಕಡೆ ಟ್ರಾಲಿಂಗ್ ತಡೆದರಷ್ಟೇ ಸಾಲದೆ ಹೊರಗಿನ ಹವಳವನ್ನು ತಂದು ನೆಡಬೇಕಾಗಿ ಬಂದಲ್ಲಿ, ತಳಿಯಲ್ಲಿ ಸಮೀಪವಿರುವ, ಆಳ ಮತ್ತು ತಾಪಮಾನವೂ ಹೋಲುವ ದಿಬ್ಬದಿಂದ ಹಲವು ತಳಿಗಳ ತುಣುಕುಗಳನ್ನು ತನ್ನಿ. ಗಂಡು ಹೆಣ್ಣು ಎರಡೂ ಇವೆಯೆಂದು ಖಚಿತಪಡಿಸಿಕೊಂಡು, ಪ್ರತಿ ತುಣುಕಿನ ತಳಿಗುರುತನ್ನು ನೆಟ್ಟ ಸ್ಥಾನದೊಂದಿಗೆ ದಾಖಲಿಸಿಡಿ. ಮುಂದೆ ಅಲ್ಲಿ ಕಾಣಿಸುವ ಎಳೆಯ ಹವಳಗಳು ಯಾವ ತಳಿಗಳ ಸಂತಾನವೆಂದು ಪತ್ತೆಹಚ್ಚಲು ಆ ದಾಖಲೆ ಬೇಕಾಗುತ್ತದೆ.