ಬಾರ್ನೆವೆಲ್ಡ್ ಕಡೆಯ ಮೊಟ್ಟೆ ಘಟಕದಲ್ಲಿ ನನ್ನ ಅನುಭವ

ನೆದರ್ಲೆಂಡ್ಸ್‌ನ ಬಾರ್ನೆವೆಲ್ಡ್ ಕಡೆ ಮೊಟ್ಟೆ ವಿಂಗಡಿಸಿ ಪ್ಯಾಕ್ ಮಾಡುವ ಘಟಕದಲ್ಲಿ ಕ್ವಾಲಿಟಿ ನೋಡಿಕೊಳ್ಳುವ ಕೆಲಸ ನನ್ನದು. ಇಲ್ಲಿ ಮರಿ ಮಾಡುವವರು ಬೇರೆ, ಆ ಮರಿಯನ್ನು ಸುಮಾರು 17 ವಾರ ಸಾಕಿ ಕೊಡುವವರು ಬೇರೆ, ಮೊಟ್ಟೆ ಇಡಿಸುವ ರೈತ ಬೇರೆ. ಅಂಗಡಿಗೆ ಹೋಗುವ ಮಾಲು ಮಾತ್ರ ನಮ್ಮಂಥ ಘಟಕ ದಾಟಿಯೇ ಹೋಗಬೇಕು.

ನಾನು ಮೊದಲು ನೋಡುವುದು ಚಿಪ್ಪಿನ ಮೇಲಿನ ಮುದ್ರೆ. ಮೊದಲ ಅಂಕಿ 0 ಇದ್ದರೆ ಸಾವಯವ, 1 ಇದ್ದರೆ ಹೊರಗೆ ಮೇಯುವ ಕೋಳಿ, 2 ಶೆಡ್ಡಿನೊಳಗೆ ಬಿಟ್ಟು ಸಾಕಿದ್ದು, 3 ಪಂಜರದ್ದು. ಆಮೇಲೆ ದೇಶ, ಫಾರಂ ನಂಬರ್. ಟ್ರೇ ಜೊತೆ ಬಂದ ಕಾಗದಕ್ಕೂ ಮುದ್ರೆಗೂ ತಾಳೆ ಆಗದಿದ್ದರೆ ಮಾಲು ಒಳಗೆ ಬಿಡುವುದಿಲ್ಲ. 1 ಅಂತ ಹಾಕಬೇಕಾದರೆ ಕೋಳಿಗೆ ತಲಾ 4 ಚದರ ಮೀಟರ್ ಬಯಲು ಇರಬೇಕು. ಅಷ್ಟು ಜಾಗ ಬಿಟ್ಟ ರೈತನಿಗೆ ಜಾಸ್ತಿ ಬೆಲೆ ತರುವುದೇ ಆ ಅಂಕಿ, ಅಲ್ವಾ?

ಆಮೇಲೆ ಮೆಷಿನ್. ಉರುಳುತ್ತಾ ಬರುವ ಒಂದೊಂದು ಮೊಟ್ಟೆಯನ್ನೂ ಪುಟಾಣಿ ಸುತ್ತಿಗೆಗಳು ಸುತ್ತಲೂ ಮೆಲ್ಲಗೆ ತಟ್ಟುತ್ತವೆ, ಗಟ್ಟಿ ಚಿಪ್ಪಿನ ಸದ್ದೇ ಬೇರೆ, ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರ ಸದ್ದೇ ಬೇರೆ. ಒಳಗೆ ರಕ್ತದ ಚುಕ್ಕೆ ಇದ್ದರೆ ಬೆಳಕಿನಲ್ಲಿ ಸಿಕ್ಕಿಬೀಳುತ್ತದೆ. ಕೊನೆಗೆ ತೂಕ: 53ರಿಂದ 63 ಗ್ರಾಂ ಒಳಗಿದ್ದರೆ ಎಂ, 63ರಿಂದ 73 ಗ್ರಾಂ ಒಳಗಿದ್ದರೆ ಎಲ್. ಎ ದರ್ಜೆಯ, ಅಂದರೆ ಅಂಗಡಿಯಲ್ಲಿ ಹಾಗೇ ಮಾರುವ ಮೊಟ್ಟೆಯನ್ನು ತೊಳೆಯುವ ಹಾಗಿಲ್ಲ, ತೊಳೆದರೆ ಚಿಪ್ಪಿನ ಮೇಲಿನ ತೆಳು ಪೊರೆ ಹಾಳಾಗುತ್ತದೆ. ಹಾಗಾಗಿ ಗಲೀಜಾದದ್ದನ್ನು ಬೇರೆ ತೆಗೆದಿಡುತ್ತೇವೆ. ಚೊಕ್ಕಟ ಗೂಡು ಇಟ್ಟ ರೈತನ ಮಾಲು ಬೆಲ್ಟಿಗೆ ಬಿದ್ದ ತಕ್ಷಣ ಗೊತ್ತಾಗುತ್ತದೆ, ನೋಡಲು ಖುಷಿ.

ಈ ದೇಶ ತಿನ್ನುವುದಕ್ಕಿಂತ ಇಲ್ಲಿ ಆಗುವ ಮೊಟ್ಟೆ ಜಾಸ್ತಿ. ದೊಡ್ಡ ಗಿರಾಕಿ ಜರ್ಮನಿ. ಅಲ್ಲಿನ ಸೂಪರ್‌ಮಾರ್ಕೆಟ್‌ಗಳಿಗೆ ಹೋಗಬೇಕಾದರೆ ಸಾಮಾನ್ಯವಾಗಿ ಕಾಟ್ (KAT) ಅನ್ನೋ ಜರ್ಮನಿಯ ಮೊಟ್ಟೆ ತಪಾಸಣಾ ಸಂಸ್ಥೆಯ ಒಪ್ಪಿಗೆ ಬೇಕು, ಪಂಜರದ ಮೊಟ್ಟೆಗೆ ಅಲ್ಲಿ ಜಾಗ ಇಲ್ಲ. ಹೀಗಾಗಿ ಡಚ್ ರೈತ ಎಂಥ ಶೆಡ್ ಕಟ್ಟಬೇಕು ಅನ್ನೋದನ್ನು ಎಷ್ಟೋ ಸಲ ಜರ್ಮನಿಯ ಅಂಗಡಿಯವರೇ ತೀರ್ಮಾನ ಮಾಡುತ್ತಾರೆ.

2017ರಲ್ಲಿ ಇಲ್ಲಿನ ಮೊಟ್ಟೆಗಳಲ್ಲಿ ಫಿಪ್ರೊನಿಲ್ ಅನ್ನೋ ಕೀಟನಾಶಕ ಸಿಕ್ಕಿತು. ಸರ್ಕಾರ ಫಾರಂ ನಂಬರ್‌ಗಳ ಪಟ್ಟಿ ಬಿಟ್ಟಿತು, ಜನ ಮನೆಯಲ್ಲಿದ್ದ ಮೊಟ್ಟೆ ತೆಗೆದು ಮುದ್ರೆ ನೋಡಿ ತಿನ್ನಬಹುದಾ ಬೇಡವಾ ಅಂತ ತಿಳಿದುಕೊಂಡರು. ಇಡೀ ಮೊಟ್ಟೆಗೆ ಇಷ್ಟು ಲೆಕ್ಕ ಇದೆ. ಆದರೆ ಒಡೆದು ಮಯೊನೀಸ್, ನೂಡಲ್ಸ್, ಕೇಕ್‌ಗೆ ಹಾಕಿದ ಮೇಲೆ ಕೋಳಿ ಹೇಗೆ ಬದುಕಿತ್ತು ಅಂತ ಡಬ್ಬಿಯ ಮೇಲೆ ಬರೆಯಲೇಬೇಕು ಅನ್ನೋ ಕಾನೂನು ಇಲ್ಲ. ನನ್ನ ಪ್ರಕಾರ ಆ 0, 1, 2, 3 ಡಬ್ಬಿಗಳ ಮೇಲೂ ಬರಲೇಬೇಕು.