ಬಿಸಿಲು ಕಡಿಮೆ ಬೀಳುವ ಮೂಲೆಗೆ ಅಬ್ಬಲಿಗೆ ಹಚ್ಚಿ

ಮನೆಯ ಗೋಡೆಗೂ ಕಂಪೌಂಡಿಗೂ ನಡುವೆ ಎರಡು-ಮೂರು ಅಡಿ ಜಾಗ ಬಹಳ ಜನರ ಮನೆಯಲ್ಲಿ ಸುಮ್ನೆ ಬಿದ್ದಿರುತ್ತದೆ. ಬಿಸಿಲು ಸಾಲುವುದಿಲ್ಲ ಅಂತ ಅಲ್ಲಿ ಯಾರೂ ಹೂವಿನ ಗಿಡ ಹಚ್ಚುವುದಿಲ್ಲ. ಗುಲಾಬಿ, ಸೇವಂತಿಗೆಗೆ ಆ ಜಾಗ ಆಗಿಬರುವುದಿಲ್ಲ, ನಿಜ. ಆದರೆ ಅಬ್ಬಲಿಗೆಗೆ, ಅಂದರೆ ಕನಕಾಂಬರಕ್ಕೆ, ಬೇಕಾದದ್ದು ಅದೇ. ಹಬ್ಬದ ಹಿಂದಿನ ದಿನ ಹುಬ್ಬಳ್ಳಿಯ ದುರ್ಗದ ಬೈಲಿನ ಪೇಟೆಯಲ್ಲಿ ಒಂದು ಮಾರು ಅಬ್ಬಲಿಗೆಗೆ ಎಷ್ಟು ಅಂತ ಕೇಳಿದವರಿಗೆ, ಹಿತ್ತಲಲ್ಲಿ ನಾಲ್ಕು ಗಿಡ ಇದ್ದರೆ ಎಷ್ಟು ಅನುಕೂಲ ಅಂತ ಬೇರೆ ಹೇಳಬೇಕಾಗಿಲ್ಲ. ಒಮ್ಮೆ ಹಚ್ಚಿದರೆ ವರ್ಷಗಟ್ಟಲೆ ಹೂ ಕೊಡುವ ಗಿಡ ಇದು.

ಮೊದಲು ಜಾಗ ನೋಡಿ. ಬೆಳಗಿನ ಎಳೆ ಬಿಸಿಲು ಎರಡು-ಮೂರು ತಾಸು ಬಿದ್ದು, ಮಧ್ಯಾಹ್ನದ ಹೊತ್ತಿಗೆ ನೆರಳಾಗುವ ಪೂರ್ವದ ಕಡೆ ಬಹಳ ಚಲೋ. ನುಗ್ಗಿ ಮರದ ಕೆಳಗಿನ ತೆಳು ನೆರಳೂ ನಡೆಯುತ್ತದೆ. ಜಾಗ ಸರಿ ಇದೆಯೋ ಇಲ್ಲವೋ ಅನ್ನುವುದನ್ನು ಗಿಡವೇ ಹೇಳುತ್ತದೆ. ಎಲೆ ಬಿಳಚಿಕೊಂಡು, ಅಂಚು ಸುಟ್ಟು, ಗಿಡ ಗಿಡ್ಡಗೇ ಉಳಿದರೆ ಬಿಸಿಲು ಜಾಸ್ತಿ ಆಗಿದೆ. ಎಲೆ ಕಡು ಹಸಿರಾಗಿ, ಟೊಂಗೆ ಉದ್ದುದ್ದ ಬೆಳೆದು, ಹೂತೆನೆ ಮಾತ್ರ ಬರದಿದ್ದರೆ ನೆರಳು ಅತಿಯಾಗಿದೆ. ಕುಂಡದಲ್ಲಿದ್ದರೆ ಸರಿಸಿಬಿಡಬಹುದು, ನೆಲದಲ್ಲಾದರೆ ಮೇಲಿನ ಮರದ ಒಂದೆರಡು ಟೊಂಗೆ ಕಡಿಯಬೇಕಾಗುತ್ತದೆ.

ಇನ್ನು ಮಣ್ಣು. ನಮ್ಮ ಕಡೆ ಅಬ್ಬಲಿಗೆ ಸೋಲುವುದು ನೆರಳಿನಿಂದಲ್ಲ, ಮಣ್ಣಿನಿಂದ. ಹುಬ್ಬಳ್ಳಿಯಿಂದ ಅಣ್ಣಿಗೇರಿ, ಗದಗ ದಾಟಿ ಹೋದರೂ ಎರಿ ಭೂಮಿಯೇ, ಅಂದರೆ ಕಪ್ಪು ಮಣ್ಣೇ. ಹತ್ತಿ, ಕಡಲೆಗೆ ಅದು ಬಂಗಾರ, ಆದರೆ ಮಳೆಗಾಲದಲ್ಲಿ ನೀರು ಹಿಡಿದುಕೊಂಡು ಕೂರುವ ಆ ಮಣ್ಣಿನಲ್ಲಿ ಅಬ್ಬಲಿಗೆಯ ಬೇರು ಕೊಳೆಯುತ್ತದೆ. ಮೇಲಾಗಿ ಎರಿಯಲ್ಲಿ ಸುಣ್ಣದ ಅಂಶ ಇರುವುದರಿಂದ ಗಿಡಕ್ಕೆ ಕಬ್ಬಿಣ ಸಿಗುವುದಿಲ್ಲ. ಹೀಗಾಗಿ ಒಂದೂವರೆ ಅಡಿ ಆಳದ ತಗ್ಗು ತೆಗೆದು, ಎರಿ ಮಣ್ಣನ್ನು ಪೂರ್ತಿ ಹೊರಗೆ ಹಾಕಿ, ಎರಡು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದು ಪಾಲು ಉಸುಕು ಸೇರಿಸಿ ತುಂಬಿ. ತಗ್ಗಿಗೆ ಒಂದು ಹಿಡಿ ಬೇವಿನ ಹಿಂಡಿ ಹಾಕುವುದನ್ನು ಮರೆಯಬೇಡಿ, ಅದು ಯಾಕೆ ಅಂತ ಮುಂದೆ ಹೇಳುತ್ತೇನೆ. ಮಡಿ ಸುತ್ತಲಿನ ನೆಲಕ್ಕಿಂತ ನಾಲ್ಕು ಬೆರಳು ಎತ್ತರ ಇರಲಿ. ಇಷ್ಟೆಲ್ಲ ಬೇಡ ಅನ್ನುವವರು ಹತ್ತು-ಹನ್ನೆರಡು ಇಂಚಿನ ಕುಂಡದಲ್ಲಿ ಇದೇ ಮಿಶ್ರಣ ತುಂಬಿದರೆ ಸಾಕು. ಕುಂಡದ ತಳದ ತೂತು ಮುಚ್ಚಿರಬಾರದು, ಅಷ್ಟೇ.

ಗಿಡ ಮಾಡಿಕೊಳ್ಳಲು ಎರಡು ದಾರಿ. ನಾಟಿ ಅಬ್ಬಲಿಗೆ ಬೀಜದಿಂದ ಬರುತ್ತದೆ. ಒಣಗಿ ಕಂದು ಬಣ್ಣಕ್ಕೆ ತಿರುಗಿದ ತೆನೆಯಲ್ಲಿ ಸಣ್ಣ ಸಣ್ಣ ಕಾಯಿ ಇರುತ್ತವೆ. ಒಂದು ತೆನೆಯನ್ನು ಅಂಗೈಯಲ್ಲಿಟ್ಟು ಎರಡು ಹನಿ ನೀರು ಹಾಕಿ ನೋಡಿ: ಸ್ವಲ್ಪ ಹೊತ್ತಿಗೇ ಚಟ್ ಅಂತ ಸಿಡಿದು ಬೀಜ ದೂರ ಹಾರುತ್ತವೆ. ಮಕ್ಕಳಿಗೆ ಇದನ್ನು ತೋರಿಸಲೇಬೇಕು! ಮಳೆ ಬಿದ್ದ ಮೇಲೆ ಬೀಜ ಹುಡುಕಿದರೆ ಸಿಗುವುದಿಲ್ಲ ಅನ್ನುವುದಕ್ಕೆ ಕಾರಣವೂ ಇದೇ. ಹಾಗಾಗಿ ಮಳೆಗೆ ಮೊದಲೇ ತೆನೆ ಕೊಯ್ದು, ಬುಟ್ಟಿಯಲ್ಲಿ ಹಾಕಿ, ನೀರು ಚಿಮುಕಿಸಿ ಮೇಲೆ ಬಟ್ಟೆ ಮುಚ್ಚಿಡಿ. ಬೀಜ ತಾಜಾ ಇದ್ದಾಗಲೇ ಹಾಕಬೇಕು. ಜುಲೈಯಿಂದ ಅಕ್ಟೋಬರ್ ಒಳ್ಳೆಯ ಕಾಲ. ಮೇಲೆ ತೆಳುವಾಗಿ ಉಸುಕು ಉದುರಿಸಿ, ದಿನಾ ಹಗುರಾಗಿ ನೀರು ಕೊಡಿ. ಮೊಳಕೆ ನಿಧಾನ, ತಾಳ್ಮೆ ಬೇಕು. ಸುಮಾರು ಎರಡು ತಿಂಗಳಿಗೆ, ಮೂರು ಜೋಡಿ ಎಲೆ ಬಂದಾಗ, ಕಿತ್ತು ಹಚ್ಚಬಹುದು.

ದೊಡ್ಡ ಹೂವಿನ ‘ಡೆಲ್ಲಿ’ ತಳಿ ಬೇಕಾದರೆ ಬೀಜದ ಆಸೆ ಬಿಡಿ, ಅದು ಬೀಜ ಕಟ್ಟುವುದೇ ಇಲ್ಲ. ಮಳೆಗಾಲದಲ್ಲಿ ನಾಲ್ಕೈದು ಇಂಚಿನ ತುದಿ ಟೊಂಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಹಸಿ ಉಸುಕಿನಲ್ಲಿ ಪೂರ್ತಿ ನೆರಳಿನಲ್ಲಿ ಊರಿ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅಂಬರ, ಅರ್ಕಾ ಕನಕ ಅನ್ನುವ ತಳಿಗಳೂ ಇವೆ, ನರ್ಸರಿಯಲ್ಲಿ ಕೇಳಿ ನೋಡಿ.

ಗಿಡದಿಂದ ಗಿಡಕ್ಕೆ ಒಂದರಿಂದ ಒಂದೂವರೆ ಅಡಿ ಅಂತರ ಇಟ್ಟು ಸಂಜೆ ಹೊತ್ತು ಹಚ್ಚಿ. ಎರಡು-ಮೂರು ತಿಂಗಳಿಗೆ ಹೂ ಶುರು. ನೀರು ಕೊಡುವ ಮುಂಚೆ ಮಣ್ಣಿನಲ್ಲಿ ಬೆರಳು ಆಡಿಸಿ ನೋಡಿ, ಮೇಲಿನ ಒಂದು ಇಂಚು ಒಣಗಿದ್ದರೆ ಮಾತ್ರ ಕೊಡಿ. ಬೋರಿನ ಗಡಸು ನೀರಿಗಿಂತ ನಳದ ನೀರು, ಅದಕ್ಕಿಂತ ಮಳೆ ನೀರು ಮೇಲು. ಏಪ್ರಿಲ್-ಮೇನಲ್ಲಿ ಬುಡಕ್ಕೆ ಒಣ ಎಲೆಯೋ ಶೇಂಗಾ ಹೊಟ್ಟೋ ಹಾಸಿ. ಮೂರು ತಿಂಗಳಿಗೊಮ್ಮೆ ಎರಡು ಹಿಡಿ ಗೊಬ್ಬರ, ನಡುವೆ ನೆನೆಸಿದ ಶೇಂಗಾ ಹಿಂಡಿಯ ತಿಳಿ ನೀರು. ಡಿಸೆಂಬರ್-ಜನವರಿಯ ಥಂಡಿಗೆ ಹೂ ಕಡಿಮೆ ಆಗುತ್ತದೆ, ಗಾಬರಿ ಬೇಡ.

ಹೂ ಬಿಡಿಸುವುದಕ್ಕೂ ಒಂದು ರೀತಿ ಇದೆ. ತೆನೆಯ ಕೆಳಗಿನಿಂದ ಮೇಲಕ್ಕೆ ದಿನಕ್ಕಿಷ್ಟು ಅರಳುತ್ತವೆ, ಅದಕ್ಕೇ ದಿನ ಬಿಟ್ಟು ದಿನ ನಸುಕಿನಲ್ಲಿ ಬಿಡಿಸಿದರೆ ಸಾಕು. ಹೂವಿನ ಸಣ್ಣ ನಳಿಕೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಬರುತ್ತದೆ. ತೆನೆಯನ್ನು ಜಗ್ಗಬೇಡಿ, ಅದರಲ್ಲಿ ನಾಳೆಯ ಮೊಗ್ಗು ಇರುತ್ತವೆ. ತುದಿಯ ಹೂವೂ ಮುಗಿದ ಮೇಲೆ ಕೆಳಗಿನ ಜೋಡಿ ಎಲೆಯ ಮೇಲೆ ತೆನೆ ಕತ್ತರಿಸಿ. ಆ ಎರಡೂ ಎಲೆಗಳ ಕಂಕುಳಿನಿಂದ ಹೊಸ ಚಿಗುರು ಹೊರಟು, ಒಂದಿದ್ದದ್ದು ಎರಡು ತೆನೆ ಆಗುತ್ತದೆ. ಬೀಜಕ್ಕೆ ಅಂತ ಒಂದೆರಡು ಬಿಟ್ಟರೆ ಸಾಕು.

ಎಳೆ ಎಲೆ ಹಳದಿ ಆಗಿ, ನರ ಮಾತ್ರ ಹಸಿರಾಗಿ ಉಳಿದಿದ್ದರೆ ಕಬ್ಬಿಣದ ಕೊರತೆ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), ಚೂರು ಲಿಂಬೆ ರಸ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಿ. ಹೇನು, ಹಿಟ್ಟು ತಿಗಣೆ ಕಂಡರೆ ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು.

ನೀರು ಇದ್ದರೂ ಗಿಡ ಬಾಡುತ್ತಾ, ಬೆಳೆಯದೆ ನಿಂತಿದ್ದರೆ ಒಂದನ್ನು ಕಿತ್ತು ಬೇರು ನೋಡಿ. ಬೇರಿನ ತುಂಬ ಗಂಟು ಇದ್ದರೆ ಅದು ಜಂತುಹುಳು, ಅಬ್ಬಲಿಗೆಯ ದೊಡ್ಡ ವೈರಿ. ಬೇವಿನ ಹಿಂಡಿ ಹಾಕಿದ್ದು ಇದಕ್ಕೇ. ಗಂಟು ಕಟ್ಟಿದ ಗಿಡ ಸುಧಾರಿಸುವುದು ಕಷ್ಟ, ಬೇರುಸಹಿತ ಕಿತ್ತು ಸುಟ್ಟುಬಿಡಿ. ಇದೇ ಹುಳು ಬದನೆ, ಟೊಮ್ಯಾಟೊಗೂ ಬರುವುದರಿಂದ ಅವನ್ನು ಪಕ್ಕದಲ್ಲಿ ಹಚ್ಚಬೇಡಿ, ಅದೇ ತಗ್ಗಿನಲ್ಲಿ ಮತ್ತೆ ಅಬ್ಬಲಿಗೆಯನ್ನೂ ಬೇಡ. ಒಂದು ಹಂಗಾಮು ಅಲ್ಲಿ ಚೆಂಡು ಹೂ ಬೆಳೆಯಿರಿ, ಹೊಸ ಅಬ್ಬಲಿಗೆ ಸಸಿಗಳು ಅಷ್ಟರವರೆಗೆ ಕುಂಡದಲ್ಲಿರಲಿ.